ಲಂಡನ್ನಿಗೆ ಹೋದ ಲಕ್ಷ್ಮೇಶ್ವರದ ತಂತಿ

ವಿಲಾಯತಿಗೆ ಹೋಗಿ ಬಂದೆನೆಂದು ತಿಳಿದ ಕೂಡಲೇ ಗದಗಿನಲ್ಲಿ ಎಲ್ಲರೂ ಕೇಳುವ ಮಾತು ಒಂದೇ: "ರಾಣೀನ್ನ ನೋಡಿದ್ರೇನ್ರಿ?" ನೋಡಲಿಲ್ಲ. ಅರಮನೆಯ ಹಾದಿಯಲ್ಲಿ ಒಮ್ಮೆ ಬಸ್ಸಿನಲ್ಲಿ ಹೋದದ್ದುಂಟು. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಟೋಪಿಯ ಗರಿ ನನ್ನ ಕಣ್ಣಿಗೆ ಚುಚ್ಚಿ, ನೀರು ಒರೆಸಿಕೊಳ್ಳುವಷ್ಟರಲ್ಲಿ ಅರಮನೆ ಹಿಂದೆ ಬಿತ್ತು. ಅಲ್ಲಿ ನಾನು ಕಣ್ತುಂಬ ನೋಡಿದ್ದು ಹಲ್ಲಿಗೆ ಕಟ್ಟುವ ತಂತಿಯನ್ನು. ಅರಮನೆ, ಸೇತುವೆ, ಗಡಿಯಾರದ ಗೋಪುರ ಬೇಕಾದವರು ಬೇರೆ ಯಾರದಾದರೂ ಪ್ರವಾಸವನ್ನು ಓದಬಹುದು, ನನಗೇನೂ ಬೇಸರವಿಲ್ಲ.

ನಾನು ಗದಗ-ಬೆಟಗೇರಿಯ ದಂತವೈದ್ಯ. ಮುಂಬಯಿಯಲ್ಲಿ ಕಲಿತು ಊರಿಗೆ ಬಂದು ದವಾಖಾನೆ ಹಾಕಿದೆ. ಸಂತೆಯ ದಿನ ನೋಡಿಕೊಂಡು ಪೆಟ್ಟಿಗೆ ಹಿಡಿದು ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರಗಳಿಗೂ ಹೋಗುತ್ತಿದ್ದೆ. ಆ ಕಡೆಯ ಜನರಿಗೆ ಹಲ್ಲಿನ ಡಾಕ್ಟರನೆಂದರೆ ಕೀಳುವವನು. ಡೊಂಕು ಹಲ್ಲನ್ನು ಕೀಳದೆ, ತಂತಿ ಕಟ್ಟಿ, ಮೆಲ್ಲಗೆ ಸಾಲಿಗೆ ತರಬಹುದು ಎಂದರೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪುರಸೊತ್ತು ಭಾಳ ಐತಿ ನಿಮಗ" ಎನ್ನುತ್ತಿದ್ದರು.

ಲಕ್ಷ್ಮೇಶ್ವರ

ಆದರೆ ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿ ಶಿವಪ್ಪ ಹಾಗೆ ಅನ್ನಲಿಲ್ಲ. ಅವನ ಮಗಳು ಶಾಂತಾಳ ಮೇಲಿನ ನಾಲ್ಕು ಹಲ್ಲು ತುಟಿಯನ್ನು ದಾಟಿ ಮುಂದೆ ಬಂದಿದ್ದವು. ಹುಡುಗಿ ನಗಬೇಕಾದಾಗೆಲ್ಲ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಮಾತಾಡುವಾಗಲೂ ಅಡ್ಡ ಹಿಡಿಯಲು ಶುರುಮಾಡಿದ ಮೇಲೆ ಅಪ್ಪ ನನ್ನ ಹತ್ತಿರ ಕರೆತಂದ. ನಾನು ಅವಳಿಗೊಂದು ಕಟ್ಟು ಮಾಡಿಕೊಟ್ಟೆ. ಅಂಗುಳಕ್ಕೆ ಅಂಟಿ ಕೂಡುವ ಗುಲಾಬಿ ಬಣ್ಣದ ಒಂದು ತುಣುಕು, ಅದರಿಂದ ಹೊರಟು ಮುಂದಿನ ಹಲ್ಲನ್ನು ಒಳಕ್ಕೆ ಒತ್ತುವ ಉಕ್ಕಿನ ತಂತಿ. ಹಗಲೂ ರಾತ್ರಿ ಬಾಯಲ್ಲೇ ಇರಬೇಕು, ತೊಳೆಯಲಿಕ್ಕೆ ಮಾತ್ರ ತೆಗೆಯಬಹುದು.

ತಂತಿ ಮುರಿಯಿತು. ಹೊಸದು ಹಾಕಿದೆ, ಅದೂ ಮುರಿಯಿತು. ಬೇರೆ ಕಂಪನಿಯ ತಂತಿ ತರಿಸಿ ಹಾಕಿದೆ, ಅದು ಇನ್ನೂ ಜಲ್ದಿ ಮುರಿಯಿತು. ಗದಗಿನಲ್ಲಿ, ಶಿರಹಟ್ಟಿಯಲ್ಲಿ ಬೇರೆ ಮಕ್ಕಳಿಗೆ ಅದೇ ತಂತಿ ಹಾಕಿದ್ದೆ. ಅಲ್ಲಿಯೂ ಆಗೊಂದು ಈಗೊಂದು ಮುರಿಯುತ್ತಿತ್ತು, ಆದರೆ ಶಾಂತಾಳಷ್ಟು ನಿಯಮದಿಂದ ಯಾರೂ ಮುರಿಯುತ್ತಿರಲಿಲ್ಲ. ಕಡೆಗೆ ಶಿವಪ್ಪ ತಂತಿಯ ಡಬ್ಬಿಯನ್ನು ಕೈಯಲ್ಲಿ ಹಿಡಿದು ಕೇಳಿದ:

"ಇದರ ಮ್ಯಾಲೆ ಏನ್ ಬರದೈತ್ರಿ?"

"ಪರೀಕ್ಷೆ ಮಾಡಿದ್ದು ಅಂತ."

"ಯಾರು ಪರೀಕ್ಷಾ ಮಾಡಿದ್ರು? ಹಲ್ಲಿಗೆ ಹಾಕ್ಕೊಂಡು ಒಂದ್ ಖಟಕ್ ರೊಟ್ಟಿ ತಿಂದು ನೋಡ್ಯಾರೇನು?"

ಈ ಪ್ರಶ್ನೆ ನನ್ನ ತಲೆಯಲ್ಲಿ ಗೂಟ ಹೊಡೆದು ಕೂತಿತು. ಮೆತ್ತನ್ನ ಬ್ರೆಡ್ಡು ತಿನ್ನುವವರು ಪರೀಕ್ಷಿಸಿದ ತಂತಿ, ಒಣಗಿಸಿ ಗಟ್ಟಿ ಮಾಡಿದ ನಮ್ಮ ಜೋಳದ ಖಟಕ್ ರೊಟ್ಟಿಗೆ ಹೇಗೆ ತಾಳೀತು? ಆ ರಾತ್ರಿಯೇ ತಂತಿಯ ಕಂಪನಿಗೆ ಸಿಟ್ಟಿನ ಪತ್ರ ಬರೆದೆ. ಅವರು ಅದನ್ನು ಲಂಡನ್ನಿನ ಒಂದು ಸಮಿತಿಗೆ ದಾಟಿಸಿ ಕೈತೊಳೆದುಕೊಂಡರು. ಹಲ್ಲಿನ ತಂತಿಯನ್ನು ಎಲ್ಲ ದೇಶದ ಪ್ರಯೋಗಶಾಲೆಗಳೂ ಒಂದೇ ರೀತಿಯಲ್ಲಿ ಪರೀಕ್ಷಿಸಬೇಕೆಂದು ನಿಯಮ ಬರೆಯಲು ಕೂತ ಸಮಿತಿ ಅದು. ಬಿಸಿಲಿನ ದೇಶದವನೊಬ್ಬ ಅವರಿಗೂ ಬೇಕಾಗಿದ್ದ. ಬರುವ ವೆಚ್ಚ ನಮ್ಮದು, ಬಂದು ನಿಮ್ಮ ವಾದ ಮಂಡಿಸಿ ಎಂದು ಕರೆ ಬಂತು.

ಹೊರಡುವ ಮುನ್ನ ಲಕ್ಷ್ಮೇಶ್ವರಕ್ಕೆ ಹೋದೆ. ಶಿವಪ್ಪ ಕರಾರು ಹಾಕಿದ.

"ನೀವು ಬರೂತನಾ ಕಾಯ್ತೇನ್ರಿ. ಬಂದ ಮ್ಯಾಲೆ ಹಾಕಿದ ತಂತಿ ಮುರೀತಂದ್ರ ಆತು, ನಾಕೂ ಹಲ್ಲ ಕೀಳಿಸಿ ಪಿಂಗಾಣಿ ಹಲ್ಲ ಕೂಡಸ್ತೇನಿ. ನೆಟ್ಟಗರ ಇರ್ತಾವ."

ಬಾಗಿಲ ಹಿಂದೆ ಶಾಂತಾ ನಿಂತಿದ್ದಳು. ಅಂಗೈ ಬಾಯ ಮೇಲೆಯೇ ಇತ್ತು. ಹುಳುಕಿಲ್ಲದ, ಮಲ್ಲಿಗೆಯಂಥ ನಾಲ್ಕು ಹಲ್ಲು! ಶಿವಪ್ಪನ ತಾಯಿ, ಮನೆಯವರೆಲ್ಲ ಆಯಿ ಎಂದು ಕರೆಯುವ ಮುದುಕಿ, ಒಂದು ಗಂಟಿನಲ್ಲಿ ಖಟಕ್ ರೊಟ್ಟಿ, ಶೇಂಗಾಚಟ್ನಿ ಕಟ್ಟಿಕೊಟ್ಟಳು. ನಾನು ಮುರಿದ ತಂತಿಗಳನ್ನೆಲ್ಲ ಕಡ್ಡಿಪೆಟ್ಟಿಗೆಯಲ್ಲಿ ಹಾಕಿಕೊಂಡೆ. ಪೆಟ್ಟಿಗೆಯಲ್ಲಿ ಸಾಕ್ಷಿ, ಗಂಟಿನಲ್ಲಿ ಆರೋಪಿ ಎಂದು ತಿಳಿದು ಮುಂಬಯಿಯ ರೈಲು ಹತ್ತಿದೆ.

ಹಡಗಿನಲ್ಲಿ

ನನ್ನ ಕೋಣೆಯಲ್ಲಿ ಜತೆಗಿದ್ದವರು ಮೈಸೂರಿನ ಕಡೆಯ ಒಬ್ಬ ಇಂಜಿನಿಯರು. ಕನ್ನಡಿಗನೇ ಸಿಕ್ಕನಲ್ಲ ಎಂದು ಇಬ್ಬರಿಗೂ ಖುಷಿಯೋ ಖುಷಿ. ಒಂದು ತಾಸು ಮಾತಾಡಿದ ಮೇಲೆ ಅವರು ಬಹಳ ವಿನಯದಿಂದ, "ತಾವು ದಯವಿಟ್ಟು ಇಂಗ್ಲಿಷಿನಲ್ಲೇ ಮಾತಾಡಿದರೆ ನನಗೆ ಸ್ವಲ್ಪ ಬೇಗ ತಿಳಿಯುತ್ತೆ" ಎಂದರು. ನನಗೆ ಸಿಟ್ಟು ಬಂತು. ಮಾತಿನ ತುಂಬ "ಮಾಡ್ತಕ್ಕಂಥಾದ್ದು, ಹೋಗ್ತಕ್ಕಂಥಾದ್ದು" ಎನ್ನುವ ಇವರದು ಕನ್ನಡವಂತೆ, ನಮ್ಮದಲ್ಲವಂತೆ.

ಆಗ ಕನ್ನಡ ನಾಡೆಲ್ಲ ಒಂದಾಗಬೇಕೆಂಬ ಮಾತು ಎಲ್ಲೆಲ್ಲೂ ನಡೆದಿತ್ತು. ನಾವು ಮುಂಬಯಿ ರಾಜ್ಯದವರು, ಅವರು ಮೈಸೂರಿನವರು, ಹೊಳೆ ದಾಟಿದರೆ ಇನ್ನೊಂದು ಸರಕಾರ. ಲಕ್ಷ್ಮೇಶ್ವರವಂತೂ ಮೊನ್ನೆ ಮೊನ್ನೆಯವರೆಗೆ ಸಂಸ್ಥಾನದ ಊರು. ಗದಗಿನಿಂದ ಊಟ ಮಾಡಿ ಹೊರಟರೆ ಚಹದ ಹೊತ್ತಿಗೆ ಬೇರೆ ರಾಜ್ಯದಲ್ಲಿ ಇರುತ್ತಿದ್ದೆವು. "ಒಂದಾಗುವುದೇನೋ ಸರಿ, ಆದರೆ ಯಾರ ಅಳತೆಗೆ ಯಾರು ಬರಬೇಕು?" ಎಂದು ಇಂಜಿನಿಯರು ಕೇಳಿದರು. ಅದನ್ನು ತೀರ್ಮಾನಿಸಲು ನಮಗೆ ಅರಬ್ಬೀ ಸಮುದ್ರ ಸಾಲಲಿಲ್ಲ.

ಕೆಂಪು ಸಮುದ್ರದಲ್ಲಿ ಸೆಕೆ ಹೆಚ್ಚಿತು. ಒಂದು ಮಧ್ಯಾಹ್ನ ಎಚ್ಚರಾಗಿ ನೋಡಿದರೆ ಇಂಜಿನಿಯರು ನನ್ನ ಗಂಟಿನೊಳಗಿನ ಒಂದು ರೊಟ್ಟಿ ಹಿಡಿದು ಗಾಳಿ ಹಾಕಿಕೊಳ್ಳುತ್ತಿದ್ದಾರೆ. ನನ್ನನ್ನು ಕಂಡು ಗಾಬರಿಯಾದಾಗ ಅದು ಎರಡು ತುಂಡಾಯಿತು.

"ಕ್ಷಮಿಸಬೇಕು, ತಮ್ಮ ಬೀಸಣಿಗೆ ಮುರಿದುಬಿಟ್ಟೆ" ಎಂದರು.

"ಚಿಂತಿಲ್ಲ, ತಿಂದುಬಿಡ್ರಿ" ಎಂದೆ.

ಅವರು ನನ್ನನ್ನು ಹುಚ್ಚನೆಂದು ತಿಳಿದರು. ಚಟ್ನಿ ಹಚ್ಚಿ ನಾನೇ ಒಂದು ತುಂಡು ತಿಂದು ತೋರಿಸಿದ ಮೇಲೆ ಅವರೂ ಬಾಯಿಗಿಟ್ಟರು. ಅಲ್ಲಿಂದ ದಿನಾ ಮಧ್ಯಾಹ್ನ ಅವರಿಗೆ ಬೀಸಣಿಗೆ ಬೇಕಾಗತೊಡಗಿತು. ಪರೀಕ್ಷೆಗೆ ಉಳಿಯಬೇಕೆಂದು ಗಂಟನ್ನು ತಲೆದಿಂಬಿನ ಕೆಳಗೆ ಇಟ್ಟು ಮಲಗಿದೆ.

ಲಂಡನ್: ಮಿಸೆಸ್ ಡಾಬ್ಸನ್ ಮನೆ

ಸಮಿತಿಯವರು ನನ್ನನ್ನು ಮಿಸೆಸ್ ಡಾಬ್ಸನ್ ಎಂಬ ವಿಧವೆಯ ಮನೆಯಲ್ಲಿ ಇಳಿಸಿದರು. ಒಳ್ಳೆಯ ಹೆಂಗಸು. ಮೊದಲ ದಿನ ಮುಂಜಾನೆ ಮುಖ ತೊಳೆಯಲು ಹೋದರೆ ಕನ್ನಡಿಯ ಕೆಳಗೆ ಗಾಜಿನ ಲೋಟದಲ್ಲಿ ಎರಡೂ ಸಾಲಿನ ಹಲ್ಲು ನನ್ನನ್ನು ನೋಡಿ ನಗುತ್ತಿದ್ದವು. ವೃತ್ತಿಯಿಂದ ದಂತವೈದ್ಯನಾದರೂ ಬರಿಹೊಟ್ಟೆಯಲ್ಲಿ ಅಂಥ ದರ್ಶನ ನನಗೆ ಆಗಿರಲಿಲ್ಲ.

ನಾಷ್ಟಾದ ಹೊತ್ತಿಗೆ ಅವೇ ಹಲ್ಲುಗಳಿಂದ ಆಕೆ ನಕ್ಕು, "ನನಗೆ ಹಲ್ಲಿನ ತೊಂದರೆಯೇ ಇಲ್ಲ. ಮದುವೆಗೆ ಮುಂಚೆ ಎಲ್ಲ ಕೀಳಿಸಿಬಿಟ್ಟರು" ಎಂದಳು.

"ಹುಳುಕಾಗಿದ್ದವೇ?"

"ಇಲ್ಲವಲ್ಲ, ಚೆನ್ನಾಗಿದ್ದವು. ಮುಂದೆ ಗಂಡನಿಗೆ ಡಾಕ್ಟರ ಖರ್ಚು ಬರಬಾರದೆಂದು ಅಪ್ಪ ಕೀಳಿಸಿದ. ನಮ್ಮ ಓಣಿಯಲ್ಲಿ ಎಷ್ಟೋ ಹುಡುಗಿಯರಿಗೆ ಹಾಗೆಯೇ."

ನಮ್ಮಲ್ಲಿ ಮದುವೆಗೆ ಬಂಗಾರ ಹಾಕುತ್ತಾರೆ, ಇಲ್ಲಿ ಹಲ್ಲು ತೆಗೆಯುತ್ತಾರೆ. ಶಿವಪ್ಪ ಈ ಮನೆಗೆ ಬಂದಿದ್ದರೆ ಮಿಸೆಸ್ ಡಾಬ್ಸನ್ನಳ ಅಪ್ಪನೊಡನೆ ಅವನಿಗೆ ಗಳಸ್ಯ ಕಂಠಸ್ಯ ಆಗುತ್ತಿತ್ತು.

ನಾನು ಬಂದ ಕೆಲಸವನ್ನು ಆಕೆಗೆ ವಿವರಿಸಿದೆ. ಆಕೆ ಎಲ್ಲ ಕೇಳಿ, "ಆ ಹುಡುಗಿ ಅದನ್ನು ಯಾವುದರಿಂದ ತೊಳೆಯುತ್ತಾಳೆ? ನಾನಂತೂ ಸೋಡಾದಲ್ಲಿ ನೆನೆಸುತ್ತೇನೆ" ಎಂದಳು.

"ನೀರಿನಿಂದ" ಎಂದೆ. ಹಾಗೆಂದು ನಾನು ಶಾಂತಾಳಿಗೆ ಹೇಳಿದ್ದೆ. ಡಾಕ್ಟರ ಹೇಳಿದ ಮೇಲೆ ಮುಗಿಯಿತಲ್ಲ.

ಪ್ರಯೋಗಶಾಲೆ

ಪ್ರಯೋಗಶಾಲೆಯ ಮುಖ್ಯಸ್ಥೆ ಡಾಕ್ಟರ್ ಮಿಸ್ ವಿಟ್‌ಕೂಂಬ್. ಎತ್ತರದ, ತೆಳ್ಳನೆಯ, ಯಾವಾಗಲೂ ಅವಸರದಲ್ಲಿದ್ದರೂ ಎಂದೂ ತಡವರಿಸದ ಲೋಹವಿಜ್ಞಾನಿ. ಆಕೆಯ ಗೋಳು ಬೇರೆ ಇತ್ತು. ಒಂದೇ ಸುರುಳಿಯ ತಂತಿಯನ್ನು ತುಂಡರಿಸಿ ಐದಾರು ದೇಶದ ಪ್ರಯೋಗಶಾಲೆಗಳಿಗೆ ಕಳಿಸಿದ್ದರು. ಒಬ್ಬರು ಬಹಳ ಗಟ್ಟಿ ಎಂದರು, ಒಬ್ಬರು ಬಹಳ ಮೆದು ಎಂದರು, ಒಬ್ಬರು ಇದು ತಂತಿಯೇ ಅಲ್ಲ ಎನ್ನುವಂತೆ ಬರೆದರು. ಒಬ್ಬರು ಉದ್ದ ಹಿಡಿದು ಬಗ್ಗಿಸಿದ್ದರು, ಒಬ್ಬರು ಗಿಡ್ಡ ಹಿಡಿದು. ಒಬ್ಬರು ಬೆಚ್ಚಗಿನ ಉಪ್ಪುನೀರಿನಲ್ಲಿ, ಒಬ್ಬರು ತಣ್ಣಗಿನ ಗಾಳಿಯಲ್ಲಿ.

"ಇದು ನಮ್ಮ ಕಡೆಯ ಸೇರು ಇದ್ದಂತೆ" ಎಂದೆ. ಸೇರೆಂದರೆ ಕಾಳು ಅಳೆಯುವ ಮಾಪು ಎಂದು ವಿವರಿಸಿದೆ. ಗದಗಿನ ಸೇರು ಒಂದು, ಲಕ್ಷ್ಮೇಶ್ವರದ ಸೇರು ಇನ್ನೊಂದು, ಮುಂಡರಗಿಯ ಸೇರು ಮತ್ತೊಂದು. ಒಬ್ಬರು ಬಾಯಿ ಸವರಿ ಅಳೆಯುತ್ತಾರೆ, ಒಬ್ಬರು ರಾಶಿ ಏರಿಸಿ. ಹೆಸರು ಮಾತ್ರ ಎಲ್ಲದಕ್ಕೂ ಸೇರು.

"ಯಾಕೆ ಹಾಗೆ?"

"ಆಳುವವರು ಬೇರೆ ಬೇರೆ ಇದ್ದರು. ಅವರು ಹೋದರು, ಸೇರು ಉಳಿದವು."

ಆಕೆಗೆ ಇದು ಬಹಳ ಹಿಡಿಸಿತು. ಆ ಖುಷಿಯಲ್ಲೇ ನನ್ನ ರೊಟ್ಟಿಯ ವಾದವನ್ನೂ ಪರೀಕ್ಷಿಸಲು ಒಪ್ಪಿದಳು. ಅವರಲ್ಲಿ ಒಂದು ಅಗಿಯುವ ಯಂತ್ರವಿತ್ತು. ಉಕ್ಕಿನ ದವಡೆಗಳ ನಡುವೆ ಶಾಂತಾಳದೇ ಮಾದರಿಯ ಕಟ್ಟು ಕೂಡಿಸಿ, ಆಯಿಯ ರೊಟ್ಟಿ ಮುರಿದು ಹಾಕುತ್ತ ಹೋದೆವು. ಯಂತ್ರ ಕಟಕಟ ಅಗಿಯಿತು. ಅಕ್ಕಪಕ್ಕದ ಕೋಣೆಯವರೆಲ್ಲ ಬಂದು ಬಾಗಿಲಲ್ಲಿ ನಿಂತರು. ಒಬ್ಬ ಚಟ್ನಿಯ ವಾಸನೆ ನೋಡಲು ಮೂಗು ಹತ್ತಿರ ತಂದು, ಸೀನಿ ಸೀನಿ ಪಕ್ಕದ ಅಂಗಳಕ್ಕೆ ಹೋದವನು ಅಂದು ತಿರುಗಿ ಬರಲಿಲ್ಲ. ಸಂಜೆಯಾಯಿತು. ರೊಟ್ಟಿ ಮುಗಿಯಿತು. ತಂತಿ ಹೇಗಿತ್ತೋ ಹಾಗೆಯೇ ಇತ್ತು.

ನಾನು ಹಡಗಿನ ಮೈಸೂರು ಇಂಜಿನಿಯರನ್ನು ಶಪಿಸಿದೆ. ಅವರು ತಿಂದ ರೊಟ್ಟಿಯೂ ಇದ್ದಿದ್ದರೆ ತಂತಿ ಖಂಡಿತ ಮುರಿಯುತ್ತಿತ್ತು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದಾಗ ಮಿಸ್ ವಿಟ್‌ಕೂಂಬ್ ಕಡ್ಡಿಪೆಟ್ಟಿಗೆಯ ತುಂಡುಗಳನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡತೊಡಗಿದಳು. ನೋಡಿದಳು, ಇನ್ನೊಂದು ತುಂಡು ಇಟ್ಟು ನೋಡಿದಳು. ಆಮೇಲೆ ನನ್ನನ್ನು ಕರೆದು ತೋರಿಸಿದಳು. ತಂತಿಯ ಮೈತುಂಬ ಒಂದೇ ದಿಕ್ಕಿನ ಗೀರುಗಳು. ಬಾಗಿದ ಜಾಗದ ಗೀರಿನಿಂದಲೇ ಬಿರುಕು ಹೊರಟಿತ್ತು.

"ಇದು ಅಗಿದು ಮುರಿದದ್ದಲ್ಲ. ಯಾರೋ ಇದನ್ನು ದಿನಾ ಹಿಡಿದು ಹಿಂದಕ್ಕೂ ಮುಂದಕ್ಕೂ ಉಜ್ಜಿದ್ದಾರೆ. ಮರಳಿನಂಥದ್ದು ಏನೋ ಹಾಕಿ, ಬಹಳ ಶ್ರದ್ಧೆಯಿಂದ" ಎಂದಳು.

ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಶಿವಪ್ಪನ ಹಿತ್ತಲು ಕಣ್ಣ ಮುಂದೆ ಬಂತು. ಊಟವಾದ ಮೇಲೆ ಆಯಿ ಬಾವಿಯ ಕಟ್ಟೆಯ ಮೇಲೆ ಗಂಗಾಳ, ತಂಬಿಗೆಗಳನ್ನು ಹರಡಿಕೊಂಡು, ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ಕೂಡುತ್ತಿದ್ದಳು. ಎಂಜಲಾದ ಯಾವ ವಸ್ತುವೂ ಅವಳ ಕೈಯಲ್ಲಿ ತಿಕ್ಕಿಸಿಕೊಳ್ಳದೆ ಮನೆಯೊಳಗೆ ಕಾಲಿಡುವಂತಿರಲಿಲ್ಲ. ಮೊಮ್ಮಗಳ ಬಾಯಿಂದ ಬಂದ ಕಟ್ಟಿಗಿಂತ ಹೆಚ್ಚಿನ ಎಂಜಲು ಯಾವುದು? ಶಾಂತಾಳ ಕಟ್ಟು ಯಾವಾಗಲೂ ಥಳಥಳ ಹೊಳೆಯುತ್ತಿತ್ತು. ನಾನು ಅದನ್ನು ಬೇರೆ ಮಕ್ಕಳಿಗೆ ತೋರಿಸಿ, "ನೋಡ್ರಿ, ಹಿಂಗ ಸ್ವಚ್ಛ ಇಟ್ಕೋಬೇಕು" ಎಂದು ಹೇಳುತ್ತಿದ್ದೆ!

ಸಭೆ

ಮರುದಿನ ಸಭೆ. ಮೇಜಿನ ಸುತ್ತ ಸ್ವೀಡನ್ನಿನವರು, ಜರ್ಮನಿಯವರು, ಸ್ಕಾಟ್ಲೆಂಡಿನವರು. ನನ್ನ ಮುಂದೆ "ಗಟ್ಟಿ ಆಹಾರದ ಪರೀಕ್ಷೆ" ಎಂಬ ನನ್ನದೇ ಪ್ರಸ್ತಾಪ. ರಾತ್ರಿಯೆಲ್ಲ ಎರಡು ದಾರಿ ಯೋಚಿಸಿದ್ದೆ. ಜ್ವರ ಬಂದಿದೆ ಎಂದು ಮಿಸೆಸ್ ಡಾಬ್ಸನ್ ಮನೆಯಲ್ಲಿ ಹೊದ್ದು ಮಲಗುವುದು ಒಂದು. ಇನ್ನೊಂದನ್ನು ಮಾಡಿದೆ. ಎದ್ದು ನಿಂತು, "ನನ್ನ ಪ್ರಸ್ತಾಪವನ್ನು ಹಿಂದೆ ಪಡೆಯುತ್ತೇನೆ. ರೊಟ್ಟಿ ನಿರಪರಾಧಿ, ತಂತಿಯೂ ನಿರಪರಾಧಿ. ಮುರಿದವಳು ನನ್ನ ರೋಗಿಯ ಅಜ್ಜಿ" ಎಂದು ಹುಣಸೆಹಣ್ಣಿನ ಕಥೆಯನ್ನು ಹೇಳಿದೆ.

ನಗುತ್ತಾರೆಂದು ತಿಳಿದಿದ್ದೆ. ನಗಲಿಲ್ಲ. ಸ್ಕಾಟ್ಲೆಂಡಿನ ಮುದುಕ ಡಾಕ್ಟರು ಕೆಮ್ಮಿ, "ನನ್ನ ಒಬ್ಬ ರೋಗಿಯ ತಾಯಿ ಅದನ್ನು ಮೊಟ್ಟೆಗಳ ಜತೆ ಕುದಿಸುತ್ತಾಳೆ" ಎಂದರು. ಸ್ವೀಡನ್ನಿನವರು, ತಮ್ಮಲ್ಲಿ ಒಬ್ಬ ಕುದುರೆಯ ಬ್ರಷ್ಷಿನಿಂದ ತಿಕ್ಕುತ್ತಾನೆ ಎಂದರು. ಒಬ್ಬೊಬ್ಬರದೂ ಹೊರಗೆ ಬಂತು. ತಂತಿಯನ್ನು ಬಗ್ಗಿಸಿ, ಎಳೆದು, ಕಾಯಿಸಿ ನೋಡಿದವರೆಲ್ಲ ಡಬ್ಬಿಯಿಂದ ತೆಗೆದ ಹೊಸ ತಂತಿಯನ್ನೇ ನೋಡಿದ್ದರು. ಮನೆಯಲ್ಲಿ ಅದಕ್ಕೆ ಏನಾಗುತ್ತದೆಂದು ಯಾರೂ ಕೇಳಿರಲಿಲ್ಲ.

ಹಾಗಾದರೆ ಬಗ್ಗಿಸುವ ಮುಂಚೆ ತಿಕ್ಕಬೇಕು ಎಂದಾಯಿತು. ಅಲ್ಲಿಂದ ಜಗಳ ಶುರು. ಯಾವ ಪುಡಿ? ಎಷ್ಟು ಹೊತ್ತು? ಎಷ್ಟು ಜೋರು? ಜರ್ಮನಿಯವರು ಕೈಗೆ ಅಳತೆಯಿಲ್ಲ, ಯಂತ್ರವೇ ತಿಕ್ಕಬೇಕು ಎಂದರು. ಆ ಯಂತ್ರ ಯಾರ ಕೈಯಷ್ಟು ಜೋರಾಗಿ ತಿಕ್ಕಬೇಕೆಂದು ಸ್ಕಾಟ್ಲೆಂಡಿನವರು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಮಿಸ್ ವಿಟ್‌ಕೂಂಬ್ ನನ್ನ ಮುಂದೆ ಒಂದು ತಕ್ಕಡಿ ಇಟ್ಟು, "ಅಜ್ಜಿ ಒತ್ತುವಷ್ಟು ಒತ್ತಿ" ಎಂದಳು. ಆಯಿಯನ್ನು ಮನಸ್ಸಿನಲ್ಲಿ ನೆನೆದು ಒತ್ತಿದೆ. ತಟ್ಟೆ ಬಾಗಿತು. ಆ ಭಾರದ ಅರ್ಧವನ್ನು ನಿಯಮದಲ್ಲಿ ಬರೆದುಕೊಂಡರು.

ಹೊರಡುವ ದಿನ ಮಿಸ್ ವಿಟ್‌ಕೂಂಬಳಿಗೆ ಒಂದು ಬೇಡಿಕೆ ಇಟ್ಟೆ. ಎಷ್ಟು ತಿಕ್ಕಿದರೂ ಮುರಿಯದ ತಂತಿ ಬೇಕು. ಆಕೆ ಒಂದು ಸುರುಳಿ ಕೊಟ್ಟಳು. ಬಿಚ್ಚಿ ನೋಡಿದರೆ ಅದೇ ತಂತಿ.

"ಇದಕ್ಕಿಂತ ಒಳ್ಳೆಯದು ಸದ್ಯಕ್ಕೆ ಯಾರಲ್ಲೂ ಇಲ್ಲ. ಅಜ್ಜಿಯ ಜತೆ ಮಾತಾಡಿ" ಎಂದಳು.

ಸಮುದ್ರ ದಾಟುವಾಗ ನನಗೆ ಅದೇ ಚಿಂತೆ. ಸಮಿತಿಯನ್ನು ಒಪ್ಪಿಸಬಹುದು. ಆಯಿಯನ್ನು ಒಪ್ಪಿಸಿದವರನ್ನು ನಾನು ಕಂಡಿರಲಿಲ್ಲ.

ಮತ್ತೆ ಲಕ್ಷ್ಮೇಶ್ವರ

"ಹೊಸಾ ತಂತಿ ತಂದ್ರೇನ್ರಿ?" ಶಿವಪ್ಪ ಅಂಗಡಿಯಿಂದ ಓಡಿ ಬಂದ.

"ಅದ ತಂತಿ."

ಅವನ ಮುಖ ಇಳಿಯಿತು. ನಾನು ಪಡಸಾಲೆಯಲ್ಲಿ ಕೂತು ನಡೆದದ್ದನ್ನು ಹೇಳಿದೆ. ಆಯಿ ಕಂಬಕ್ಕೆ ಒರಗಿ ಪೂರಾ ಕೇಳಿದಳು.

"ಆಯಿ, ಇನ್ನ ಮ್ಯಾಲೆ ಅದನ್ನ ತಿಕ್ಕಬ್ಯಾಡ್ರಿ. ಬರೇ ನೀರಾಗ ತೊಳದ್ರ ಸಾಕು."

"ಉಂಡ ಗಂಗಾಳ ಬರೇ ನೀರಾಗ ತೊಳೀತಾರೇನು ನಿಮ್ಮ ಮನ್ಯಾಗ?"

"ಅದು ಗಂಗಾಳ ಅಲ್ರಿ. ಹಲ್ಲು ಇದ್ದಂಗ."

"ಹಲ್ಲಾದ್ರೇನು? ದಿನಾ ಮುಂಜಾನೆ ಬೂದಿಲೇನ ತಿಕ್ಕತೇನಿ. ನೋಡು."

ಆಯಿ ಬಾಯಿ ತೆರೆದಳು. ಒಂದೂ ಬಿದ್ದಿರಲಿಲ್ಲ, ಒಂದೂ ಡೊಂಕಿರಲಿಲ್ಲ. ಆ ಮೇಜಿನ ಸುತ್ತ ಕೂತಿದ್ದವರಲ್ಲಿ ಒಬ್ಬರಿಗೂ ಅಂಥ ಹಲ್ಲಿರಲಿಲ್ಲ, ನನಗೂ ಇಲ್ಲ. ಶಿವಪ್ಪ ನಿಟ್ಟುಸಿರು ಬಿಟ್ಟು, "ಹೋಗ್ಲಿ ಬಿಡ್ರಿ. ನಾಳೆ ಗದಗಿಗಿ ಕರ್ಕೊಂಡು ಬರ್ತೇನಿ, ಕಿತ್ತುಬಿಡ್ರಿ" ಎಂದ.

ಆಗ ಬಾಗಿಲ ಹಿಂದಿನಿಂದ ಶಾಂತಾ ಬಂದಳು. ಕೈ ಬಾಯ ಮೇಲೆ ಇರಲಿಲ್ಲ. ಎರಡೂ ಕೈಯಲ್ಲಿ ಸೆರಗಿನ ತುದಿ ಹಿಂಡಿ ಹಿಡಿದಿದ್ದಳು.

"ಆಯಿ, ಹಲ್ಲ ನಾರಿಲೆ ತಿಕ್ಕತಿಯೇನು?"

"ನಾರಿಲೆ ಯಾರ ತಿಕ್ಕತಾರ ಹುಚ್ಚಿ? ವಸಡಿ ಹರೀತಾವ. ಬೆರಳಿಲೆ ತಿಕ್ಕತೇವಿ."

"ಹಂಗಾರ ಇದನ್ನೂ ಬೆರಳಿಲೆ ತಿಕ್ಕು. ಹುಣಸಿಹಣ್ಣ ಬ್ಯಾಡ, ಬೂದಿ ಬ್ಯಾಡ. ನನ್ನ ಹಲ್ಲ ನನಗಿರಲಿ."

ಆಯಿ ಮೊಮ್ಮಗಳನ್ನು ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು.

"ಪಾತ್ರಿ ಅಂದ್ರ ನಾರು, ಹಲ್ಲ ಅಂದ್ರ ಬೆರಳು. ಇದು ಎದರಾಗ ಬರತೈತಿ ಅನ್ನೂದನ್ನ ಮೊದಲನೇ ದಿನಾನ ಹೇಳಬೇಕಿತ್ತಪಾ ನೀನು. ಅಷ್ಟ ದೂರ ಯಾಕ ಹೋಗಿದ್ದಿ?"

"ಮತ್ತ ಮುರದ್ರ?" ಎಂದ ಶಿವಪ್ಪ.

"ಮುರದ್ರ ನನ್ನ ಹಲ್ಲ ಕೀಳಸು."

ಹೊಸ ತಂತಿ ಹಾಕಿದೆ. ಮುಂದಿನ ಸಂತೆಗೆ ಹೋದಾಗ ಜೀವ ಕೈಯಲ್ಲಿ ಹಿಡಿದುಕೊಂಡೇ ಹೋದೆ, ಮುರಿದಿರಲಿಲ್ಲ. ಕಟ್ಟು ಮೊದಲಿನಂತೆ ಹೊಳೆಯುತ್ತಿರಲಿಲ್ಲ, ಅದನ್ನು ನೋಡಿ ನನಗೆ ಆದಷ್ಟು ಸಂತೋಷ ಲಂಡನ್ನಿನ ಯಾವ ದೀಪ ನೋಡಿದಾಗಲೂ ಆಗಿರಲಿಲ್ಲ. ಮಳೆಗಾಲ ಹೋಯಿತು, ಸುಗ್ಗಿ ಬಂತು, ತಂತಿ ಗಟ್ಟಿಯಾಗಿಯೇ ಇತ್ತು. ಹಲ್ಲು ಕೂದಲೆಳೆಯಷ್ಟು ಕೂದಲೆಳೆಯಷ್ಟು ಹಿಂದೆ ಸರಿದವು.

ಒಂದು ದಿನ ನಾನು ಕಟ್ಟನ್ನು ಇನ್ನೊಂದಿಷ್ಟು ಬಿಗಿ ಮಾಡಲು ಕೂತಾಗ ಆಯಿ ಹತ್ತಿರ ಬಂದಳು. ಕಣ್ಣಿಗೆ ಪೊರೆ ಬಂದು ಅವಳಿಗೆ ಈಗೀಗ ಬೆಳ್ಳಗಿನದಷ್ಟೇ ಮಸುಕಾಗಿ ಕಾಣುತ್ತಿತ್ತು. ಕೈ ತೊಳೆದುಕೊಂಡು, ಮೊಮ್ಮಗಳ ತುಟಿ ಸರಿಸಿ, ನಾಲ್ಕೂ ಹಲ್ಲಿನ ಮೇಲೆ ತೋರುಬೆರಳು ಆಡಿಸಿ ನೋಡಿದಳು. ಎಂಜಲೆಂದು ಹಿಂಜರಿಯಲಿಲ್ಲ. ಶಾಂತಾಳಿಗೆ ಕಚಗುಳಿಯಾಗಿ ನಗು ತಡೆಯಲಾಗಲಿಲ್ಲ, ಬಾಯಿ ತುಂಬ ನಕ್ಕುಬಿಟ್ಟಳು. ಆಯಿ ಬೆರಳು ತೆಗೆದು ಆ ನಗುವನ್ನೇ ಸ್ವಲ್ಪ ಹೊತ್ತು ನೋಡುತ್ತ ನಿಂತಳು.

"ಸಾಕ ಮಾಡಪಾ ಡಾಕ್ಟರ" ಎಂದಳು. "ಈ ಹಲ್ಲ ಇನ್ನ ಒಳಗ ಹೋದ್ರ, ಇಕಿ ನಕ್ಕಿದ್ದು ನನಗ ಕಾಣೂದಿಲ್ಲ."